ಗಟ್ಟಿ ನೀರು

ಫೆಬ್ರವರಿ ೪

ನಾದಿನಿಯವರ ಸನ್ನಿಧಾನಕ್ಕೆ,

ನಿನ್ನ ಕಾಗದ ಬಂತು. ನಿಮ್ಮ ಕಾರ್ಖಾನೆಯ ಟ್ಯಾಂಕರ್ ಓಡಿಸುವವನು ನಮ್ಮ ಬೀದಿಯವನೇ ಆಗಿದ್ದು ಒಳ್ಳೆಯದಾಯಿತು, ಸಂಜೆ ಮನೆಗೆ ಬರುವಾಗ ತಂದುಕೊಟ್ಟ. ಇನ್ನು ಮುಂದೆಯೂ ಫೋನ್ ಮಾಡಬೇಡ, ಹೀಗೇ ಬರಿ. ಮನೆಯಲ್ಲಿರುವ ಒಂದೇ ಫೋನು ನಿಮ್ಮಣ್ಣನ ಜೇಬಿನಲ್ಲಿರುತ್ತದೆ. ನಾನು ಮಾತಾಡುವಾಗ ಪಕ್ಕದಲ್ಲೇ ಕಿವಿ ಚಾಚಿಕೊಂಡು ಕೂತಿರುತ್ತಾರೆ. ಹಾಲಿನ ಕೇಂದ್ರದಲ್ಲಿ ಊರವರ ಹಾಲನ್ನೆಲ್ಲ ಪರೀಕ್ಷೆ ಮಾಡಿ ಮಾಡಿ, ಈಗ ಹೆಂಡತಿಯ ಮಾತನ್ನೂ ಪರೀಕ್ಷೆ ಮಾಡುವ ಚಟ ಹತ್ತಿದೆ.

ನೀನು ಕೇಳಿದ್ದನ್ನು ಓದಿ ಮೊದಲು ನಗು ಬಂತು. ಬ್ರೆಡ್ಡಿಗೆ ಹಾಕುವ ಯೀಸ್ಟ್ ಮಾಡಿ ಉಳಿದ ಗಲೀಜು ನೀರನ್ನು ನಮ್ಮ ಜೋಳದ ಹೊಲಕ್ಕೆ ಬಿಡಬೇಕಂತೆ, ಅದು ಗೊಬ್ಬರವಂತೆ! ಓದಿದವರಿಗೆ ಏನೇನು ಹೊಳೆಯುತ್ತದೋ ಅಂದುಕೊಂಡೆ. ಆಮೇಲೆ ಕೊನೆಯ ಸಾಲಿಗೆ ಬಂದೆ. ಈ ವರ್ಷ ಒಬ್ಬ ರೈತನನ್ನೂ ಒಪ್ಪಿಸಲಾಗದಿದ್ದರೆ ನಿನ್ನ ಕೆಲಸ ಹೋಗುತ್ತದೆ ಎಂದು ಬರೆದಿದ್ದೀಯ. ನಗು ಅಲ್ಲಿಗೇ ನಿಂತಿತು. ಇಂಥ ಮಾತನ್ನು ಕೊನೆಗೆ ಬರೆಯುತ್ತಾರೇನೇ?

ಕೆಳಗಿನ ಹೊಲ ಕೊಡುತ್ತೇನೆ. ನಿಮ್ಮಣ್ಣನನ್ನು ಒಪ್ಪಿಸುವುದು ನನಗೆ ಬಿಡು, ನನ್ನ ಮಾತಲ್ಲ, ಅವರದೇ ಯೋಚನೆ ಅನ್ನಿಸಿಬಿಟ್ಟರೆ ಆಯಿತು. ಆದರೆ ಒಂದೇ ಒಂದು ವಿಷಯ. ಆ ಹೊಲದ ಬದುವಿನಾಚೆಗೇ ನಮ್ಮ ಬೀದಿಯ ಬಾವಿ. ನೀನೂ ಅದೇ ನೀರು ಕುಡಿದು ಇಷ್ಟುದ್ದ ಬೆಳೆದವಳು. ಬೀದಿಯ ಅಷ್ಟೂ ಮನೆಗಳಿಗೆ ಅದೊಂದೇ. ಬಾವಿಗೆ ಏನೂ ಆಗುವುದಿಲ್ಲ ಎಂದು ನಿನ್ನ ಕೈಯಾರೆ ಬರೆದು ಕಳಿಸು. ಆಮೇಲೆ ಮುಂದಿನ ಮಾತು.

ಹಸು ಕೂಗುತ್ತಿದೆ, ಹೊರಟೆ.
ಅತ್ತಿಗೆ


ಫೆಬ್ರವರಿ ೯

ಅತ್ತಿಗೆ,

ಪ್ರಯೋಗಶಾಲೆಯಲ್ಲಿ ಕೂತು ನಿಮ್ಮ ಕಾಗದ ಓದಿದೆ. ನಾನು ನಕ್ಕಿದ್ದು ಕೇಳಿ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಅಳು ಬಂದಿದ್ದನ್ನು ಮಾತ್ರ ಯಾರೂ ನೋಡಲಿಲ್ಲ. ನಾನು ಹೋಗಿ ಕೇಳಿದ ಊರುಗಳಲ್ಲೆಲ್ಲ ಒಂದೇ ಉತ್ತರ: "ಮೊದ್ಲು ನಿಮ್ಮ ಮನೆಯೋರ ಹೊಲಕ್ಕೆ ಬಿಡಿ, ಆಮೇಲೆ ನಮ್ಮ ಹತ್ರ ಬನ್ನಿ." ಅವರ ತಪ್ಪೇನಿದೆ?

ಈ ಕಂದು ನೀರಿನಲ್ಲಿ ವಿಷವಿಲ್ಲ. ಯೀಸ್ಟ್ ಬೆಳೆಸುವುದು ಕಾಕಂಬಿಯಲ್ಲಿ, ಬೆಲ್ಲದ ಪಾಕದಂಥ ಕಪ್ಪು ರಸ. ಯೀಸ್ಟು ಸಿಹಿಯನ್ನು ತಿಂದುಬಿಡುತ್ತದೆ, ಬೆಳೆಗೆ ಬೇಕಾದ ಸಾರ ನೀರಿನಲ್ಲೇ ಉಳಿಯುತ್ತದೆ. ಆದರೆ ಸಾರ ಬಹಳ ಜಾಸ್ತಿ. ಒಂದು ಪಾಲಿಗೆ ಹತ್ತು ಪಾಲು ಒಳ್ಳೆಯ ನೀರು ಬೆರೆಸಲೇಬೇಕು, ಅದನ್ನು ಕಾರ್ಖಾನೆಯಲ್ಲೇ ಬೆರೆಸಿ ಕಳಿಸುತ್ತೇವೆ. ಬಿತ್ತನೆಗೆ ಮುಂಚೆ, ಉತ್ತ ಮಣ್ಣಿಗೆ, ಒಂದೇ ಸಲ. ಬಾವಿಯ ಕಡೆಯ ಪಟ್ಟಿಗೆ ಒಂದು ಹನಿಯೂ ಬೇಡ. ಹೆಚ್ಚಾದರೆ ಬೇರು ಹೀರಿಕೊಂಡು ಮಿಕ್ಕಿದ್ದು ಕೆಳಗೆ ಇಳಿಯುತ್ತದೆ, ಇಳಿದದ್ದು ಬಾವಿಗೆ ಬರುತ್ತದೆ.

ಈ ಕ್ರಮ ತಪ್ಪದಿದ್ದರೆ ಬಾವಿಗೆ ಏನೂ ಆಗುವುದಿಲ್ಲ. ಏನಾದರೂ ಆದರೆ ಹೊಣೆ ನನ್ನದು. ಕೈಯಾರೆ ಬರೆದಿದ್ದೇನೆ.

ನಿಮ್ಮ
ಉದ್ದನೆಯ ನಾದಿನಿ


ಮೇ ೧೭

ನಾದಿನಿ,

ಜೋಳ ನನ್ನ ತಲೆ ದಾಟಿದೆ! ಎಲೆಗಳ ಬಣ್ಣ ನೋಡಿದರೆ ನನ್ನದೇ ದೃಷ್ಟಿ ತಾಗೀತು ಅನ್ನಿಸುತ್ತದೆ. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಾರೆ. ಚಳಿಗಾಲದಲ್ಲಿ ಮೂಗು ಮುಚ್ಚಿಕೊಂಡು ನಮಗೆ ಶಾಪ ಹಾಕಿದವರೇ ಈಗ "ನಮಗೂ ಒಂದು ಟ್ಯಾಂಕರ್ ಹೇಳ್ರೀ" ಎನ್ನುತ್ತಿದ್ದಾರೆ. ನಿಮ್ಮಣ್ಣ ಎದೆ ಮುಂದೆ ಮಾಡಿಕೊಂಡು ತಿರುಗುತ್ತಿದ್ದಾರೆ, ಜೋಳವನ್ನು ತಾವೇ ಒಂದೊಂದಾಗಿ ಹೆತ್ತವರ ಹಾಗೆ.

ಈಗ ತಮಾಷೆ ಕೇಳು. ಮೇಲಿನ ಹೊಲಕ್ಕೆಂದು ಮೊನ್ನೆ ಟ್ಯಾಂಕರ್ ಬಂತಲ್ಲ, ನಿಮ್ಮಣ್ಣ ಹಾಲಿನ ಕೇಂದ್ರದಿಂದ ಲ್ಯಾಕ್ಟೋಮೀಟರ್ ತಂದು, ಒಂದು ಬಕೆಟ್ಟು ಕಂದು ನೀರು ಹಿಡಿದು, ಅದರೊಳಗೆ ಬಿಟ್ಟರು! ಸುತ್ತ ಜನ. ಆ ಗಾಜಿನ ಕೊಳವೆ ಸೊಂಯ್ ಎಂದು ಕೆಳಗೆ ಹೋಯಿತು.

"ನೋಡಿದ್ರಾ? ಮುಳುಗಿಬಿಡ್ತು! ನೀರು ಬೆರೆಸಿದಾರೆ. ಇಪ್ಪತ್ತು ವರ್ಷದಿಂದ ಹಾಲು ನೋಡ್ತಿರೋ ನನ್ನ ಕಣ್ಣಿಗೇ ಮಣ್ಣೆರಚ್ತಾರಾ?"

"ಅದು ಹಾಲಲ್ಲ ರೀ. ಬೇಕಂತಲೇ ಬೆರೆಸೋದಂತೆ," ಅಂದೆ.

"ಹಾಲಿಗೆ ನೀರು ಹಾಕೋರೂ ಬೇಕಂತಲೇ ಹಾಕೋದು ಕಣೇ," ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಆಮೇಲೆ ಟ್ಯಾಂಕರಿನವನನ್ನು ಹಿಡಿದು ಕೇಳಿದ್ದಾರೆ. ಕಾರ್ಖಾನೆಯಲ್ಲಿ ಬೆರೆಸುವ ಮುಂಚಿನದು ಎಷ್ಟು ಗಟ್ಟಿ ಎಂದು ಅವನೂ ಬಾಯಿ ಚಪ್ಪರಿಸಿಕೊಂಡು ಹೇಳಿದ್ದಾನೆ. ಅಲ್ಲಿಗೆ ಮುಗಿಯಿತು. ತಂಗಿ ಇರುವ ಕಡೆಯೇ ತಮಗೆ ಮೋಸ ಎಂದು ಮನೆಯಲ್ಲಿ ಕುದಿಯುತ್ತಿದ್ದಾರೆ. ನೀರು ಬೆರೆಸದ ಗಟ್ಟಿ ನೀರನ್ನೇ ಕೊಡಬೇಕೆಂದು ನಿಮ್ಮ ಮ್ಯಾನೇಜರಿಗೆ ಒಂದು ಅರ್ಜಿ ಬರೆದು, ಊರಿನ ಅರ್ಧ ಜನರ ಸಹಿ ಹಾಕಿಸಿದ್ದಾರೆ. ಗೋಡೆಯಾಚೆ ಮನೆಯ ಟೈಲರ್ ಹುಡುಗಿ, ಈಗ ತುಂಬು ಬಸುರಿ, ಅವಳ ಗಂಡನೂ ಹಾಕಿದ್ದಾನೆ.

ನಗಬೇಕೋ ಹೆದರಬೇಕೋ ಗೊತ್ತಾಗುತ್ತಿಲ್ಲ. ನೀನೇ ಹೇಳು.
ಅತ್ತಿಗೆ


ಮೇ ೨೨

ಅತ್ತಿಗೆ,

ಹೆದರಿ. ಲ್ಯಾಕ್ಟೋಮೀಟರ್ ಕಥೆಗೆ ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನ ಮ್ಯಾನೇಜರ್ ಕರೆದು ಅರ್ಜಿಯನ್ನು ಮೇಜಿನ ಮೇಲೆ ಹರಡಿದಾಗ ನಗು ಹೋಯಿತು. ಮೊದಲ ಸಹಿ ಅಣ್ಣನದು.

ಮ್ಯಾನೇಜರ್ ಮುಖದಲ್ಲಿ ಅಂಥ ಸಂತೋಷ ನಾನು ನೋಡೇ ಇರಲಿಲ್ಲ. ಒಂದು ಟ್ಯಾಂಕರ್ ಕಂದು ನೀರಿಗೆ ಹತ್ತು ಟ್ಯಾಂಕರ್ ಒಳ್ಳೆಯ ನೀರು ಹೊಂದಿಸಿ ಸಾಗಿಸುವುದು ಅವರಿಗೆ ಗಂಟಲಿನ ಮುಳ್ಳಾಗಿತ್ತು. "ರೈತರೇ ಬೇಕು ಅಂತಿದಾರಲ್ಲಮ್ಮ! ನಾವ್ಯಾಕೆ ಬೇಡ ಅನ್ನೋಣ? ನೀವು ಒಂದು ಸಹಿ ಹಾಕಿಬಿಡಿ," ಎಂದರು. ನೋಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಅಣ್ಣನ ಕಾಲಿಗೆ ಬಿದ್ದಾದರೂ ಆ ಅರ್ಜಿ ವಾಪಸು ತೆಗೆಸಿ. ಇದು ಹಾಲಲ್ಲ, ಇಲ್ಲಿ ನೀರು ಬೆರೆಸುವುದೇ ಪ್ರಾಮಾಣಿಕತೆ ಎಂದು ಅವನಿಗೆ ಹೇಳಿ. ನಾನು ಹೇಳಿದರೆ ಅವನಿಗೆ ನಾನಿನ್ನೂ ಎರಡು ಜಡೆಯ ಹುಡುಗಿ.

ನಾದಿನಿ


ಜೂನ್ ೬

ನಾದಿನಿ,

ಅರ್ಜಿ ವಾಪಸು ತೆಗೆಸಲು ನಾನು ಆಡದ ಜಗಳವಿಲ್ಲ. ಎರಡು ದಿನ ಊಟ ಬಿಟ್ಟೆ. ನಿಮ್ಮಣ್ಣ ಹಾಲಿನ ಕೇಂದ್ರದಲ್ಲೇ ಉಂಡು ಬಂದರು.

ನೆನ್ನೆ ಟ್ಯಾಂಕರ್ ಬಂತು. ಪೈಪಿನಿಂದ ಬಿದ್ದದ್ದು ನೀರಲ್ಲ, ಕೀಲೆಣ್ಣೆ. ಕಪ್ಪಗೆ, ಗಟ್ಟಿಯಾಗಿ, ಮಣ್ಣಿನ ಮೇಲೆ ನಿಧಾನಕ್ಕೆ ಹರಡಿಕೊಂಡಿತು. ವಾಸನೆಗೆ ಕಣ್ಣಲ್ಲಿ ನೀರು ಬಂತು. ಜೋಳ ಕೊಯ್ದು ಖಾಲಿಯಾದ ಕೆಳಗಿನ ಹೊಲಕ್ಕೇ ಮೊದಲು ಬಿಟ್ಟರು. ಬಾವಿಯ ಕಡೆಯ ಪಟ್ಟಿ ಬಿಡಿ ಎಂದು ಅಡ್ಡ ನಿಂತೆ. "ಆ ಪಟ್ಟಿ ಏನು ಪಾಪ ಮಾಡಿತ್ತೇ?" ಎಂದು ನಿಮ್ಮಣ್ಣ ಪೈಪನ್ನು ಅಲ್ಲಿಗೂ ಎಳೆದರು.

ಟ್ಯಾಂಕರಿನವನನ್ನು ಬೈದೆ. ಅವನು ಹೇಳಿದ, "ನನ್ಯಾಕೆ ಬೈತೀರಮ್ಮ? ನಿಮ್ಮ ನಾದಿನಿಯೋರೇ ಸಹಿ ಹಾಕಿದಾರೆ, ಗೇಟಿನಲ್ಲಿ ಅಂಟಿಸಿದಾರೆ, ನಾನೇ ಓದಿದೆ."

ನಾನು ಅವನಿಗೆ ಸುಳ್ಳು ಬೊಗಳಬೇಡ ಎಂದಿದ್ದೇನೆ. ಅವನು ಸುಳ್ಳು ಹೇಳಿದ ತಾನೆ?

ಅತ್ತಿಗೆ


ಜೂನ್ ೧೦

ಅತ್ತಿಗೆ,

ಅವನು ಹೇಳಿದ್ದು ನಿಜ.

ಹೊಲದಲ್ಲಿ ರೈತರೇ ಕಾಲುವೆ ನೀರು ಬೆರೆಸಿಕೊಳ್ಳಬೇಕು ಎಂದು ಸಹಿಯ ಮೇಲೆ ಒಂದು ಸಾಲು ಬರೆದಿದ್ದೇನೆ. ಬರೆಯುವಾಗಲೇ ಗೊತ್ತಿತ್ತು, ಯಾರೂ ಬೆರೆಸುವುದಿಲ್ಲ ಎಂದು. ಸಹಿ ಹಾಕದಿದ್ದರೆ ಬೇರೆಯವರು ಹಾಕುತ್ತಿದ್ದರು, ನನ್ನ ಕುರ್ಚಿಯಲ್ಲೇ ಕೂತು. ಈ ಸಮಾಧಾನ ನನ್ನ ಬಾಯಿಗೇ ಕಹಿಯಾಗಿದೆ, ನಿಮಗೆ ಬಡಿಸುವುದಿಲ್ಲ.

ಬಾವಿಯ ಮೇಲೆ ಒಂದು ಕಣ್ಣಿಡಿ. ಬಣ್ಣ ಬದಲಾದರೆ ಒಂದು ಬಾಟಲಿ ತುಂಬಿಸಿ ತಕ್ಷಣ ಕಳಿಸಿ.

ನಾದಿನಿ


ಜುಲೈ ೧೧

ನಾದಿನಿ,

ಒಂದು ತಿಂಗಳಿಂದ ನಿನಗೆ ಬರೆಯಲಿಲ್ಲ. ಸಿಟ್ಟಿತ್ತು, ಈಗಲೂ ಇದೆ. ಆದರೆ ಅದಕ್ಕೆ ಇದು ಹೊತ್ತಲ್ಲ.

ಬೆಳಿಗ್ಗೆ ಬಿಳಿ ಬಕೆಟ್ಟಿಗೆ ನೀರು ಸುರಿದೆ. ತೆಳು ಚಹಾದ ಬಣ್ಣ. ಕೊಡದಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬಿಳಿಯದರಲ್ಲಿ ಮಾತ್ರ ಕಾಣುತ್ತದೆ. ಒಂದು ಲೋಟ ಬಗ್ಗಿಸಿ ನಿಮ್ಮಣ್ಣನಿಗೆ ತೋರಿಸಿದೆ. "ಮೊದಲ ಮಳೆಗೆ ಹೀಗೇ, ಬಾವಿ ಸರಪಳಿಯ ತುಕ್ಕು," ಎಂದರು. ಆದರೆ ಆ ಲೋಟವನ್ನು ಅವರು ಕುಡಿಯದೆ ಕೆಳಗಿಟ್ಟರು, ನಾನು ನೋಡಿದೆ.

ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ಹೇಗೆ ಹೇಳಲಿ? ಬಾಯಿ ಬಿಟ್ಟರೆ ಒಂದು ಕಡೆ ನೀನು, ಇನ್ನೊಂದು ಕಡೆ ಇವರು, ಇಬ್ಬರೂ ಸಿಕ್ಕಿಬೀಳುತ್ತೀರಿ. ಟೈಲರ್ ಹುಡುಗಿಗೆ ಗಂಡುಮಗು ಆಗಿದೆ, ಕಳೆದ ತಿಂಗಳ ಕೊನೆಗೆ. ಪಾಪ, ಅವಳಿಗೆ ಎದೆಹಾಲು ಸಾಲದು, ಡಬ್ಬಿಯ ಪುಡಿಯನ್ನು ಬಾವಿ ನೀರಲ್ಲಿ ಕಲಸಿ ಕುಡಿಸುತ್ತಾಳೆ. ಅವಳಿಗೆ ಮಾತ್ರ, ಮಳೆಗಾಲ ಎಂದು ನೆಪ ಹೇಳಿ, "ನೀರನ್ನ ಚೆನ್ನಾಗಿ ಕುದಿಸಿ ಆರಿಸಿ ಕೊಡು ತಾಯಿ," ಅಂದೆ. "ಆಯ್ತು ದೊಡ್ಡಮ್ಮ," ಅಂದಳು. ಪಾತ್ರೆ ಅರ್ಧಕ್ಕೆ ಇಳಿಯುವವರೆಗೂ ಕುದಿಸುತ್ತಾಳೆ, ಅಷ್ಟು ಶ್ರದ್ಧೆ.

ಬಾಟಲಿ ಜೊತೆಗಿದೆ. ಏನೂ ಇಲ್ಲ ಎಂದು ಬರಿ.
ಅತ್ತಿಗೆ


ಜುಲೈ ೧೯, ಬೆಳಿಗ್ಗೆ

ಅತ್ತಿಗೆ,

ಕುದಿಸಬೇಡಿ! ಕುದಿಸಿದರೆ ನೀರು ಆವಿಯಾಗುತ್ತದೆ, ಅದರಲ್ಲಿರುವುದು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಮಗುವಿಗೆ ಆ ನೀರು ಒಂದು ಚಮಚವೂ ಬೇಡ.

ಟ್ಯಾಂಕರ್ ಕೆಟ್ಟು ಗ್ಯಾರೇಜಿನಲ್ಲಿತ್ತಂತೆ. ನಿಮ್ಮ ಕಾಗದವೂ ಬಾಟಲಿಯೂ ಒಂದು ವಾರ ಅವನ ಸೀಟಿನ ಕೆಳಗೆ ಬಿದ್ದಿದ್ದವು. ಈಗ ತಂದುಕೊಟ್ಟ. ಅಣ್ಣನಿಗೆ ಮೂರು ಸಲ ಫೋನ್ ಮಾಡಿದೆ. "ಬಾವಿ ಚೆನ್ನಾಗಿದೆ, ನಿನ್ನ ಕೆಲಸ ನೀನು ನೋಡ್ಕೋ," ಎಂದು ಇಟ್ಟುಬಿಟ್ಟ. ಆಮೇಲೆ ಎತ್ತಲೇ ಇಲ್ಲ.

ಬಾಟಲಿಯ ನೀರನ್ನು ಒಂದು ಸಲ ಪರೀಕ್ಷಿಸಿ ನೋಡಿದೆ. ಅದರಲ್ಲಿ ನೈಟ್ರೇಟ್ ಎಂಬ ಉಪ್ಪು ತುಂಬಿಕೊಂಡಿದೆ. ದೊಡ್ಡವರು ತಡೆದುಕೊಳ್ಳುತ್ತಾರೆ. ಎಳೆಮಗುವಿನ ರಕ್ತ ಮಾತ್ರ ಅದರಿಂದ ಉಸಿರು ಹೊರುವುದನ್ನೇ ಬಿಡುತ್ತದೆ. ಮಗುವಿನ ತುಟಿ, ಉಗುರು ನೋಡಿ. ನೀಲಿ ತಿರುಗಿದ್ದರೆ ಆ ಕ್ಷಣವೇ ಆಸ್ಪತ್ರೆ. ಬೀದಿಯವರೆಲ್ಲ ಬಾವಿ ಬಿಡಬೇಕು, ಇವತ್ತೇ.

ನಾನೂ ಈ ಟ್ಯಾಂಕರನ್ನೇ ಹತ್ತುತ್ತಿದ್ದೆ. ಆದರೆ ಬರಿಗೈಯಲ್ಲಿ ಬಂದು ಬಾಯಿಮಾತು ಹೇಳಿದರೆ ಅಣ್ಣ ಇನ್ನೊಮ್ಮೆ ನಗಿಸಿ ಎಲ್ಲರನ್ನೂ ಕಳಿಸುತ್ತಾನೆ. ಇನ್ನೊಂದು ಸಲ ಪರೀಕ್ಷೆ ಮಾಡಿ, ವರದಿ ಬರೆದುಕೊಂಡು, ಸಂಜೆಯ ಬಸ್ಸಿಗೆ ಬರುತ್ತೇನೆ. ಟ್ಯಾಂಕರಿನವನು ಇಂಜಿನ್ ಚಾಲೂ ಮಾಡಿಕೊಂಡು ಕಾಯುತ್ತಿದ್ದಾನೆ.

ನಾದಿನಿ


ಜುಲೈ ೧೯, ಮಧ್ಯಾಹ್ನ

ನಾದಿನಿ,

ಬರಬೇಡ. ಬಾವಿ ನಿಂತಿತು. ನಾನೇ ನಿಲ್ಲಿಸಿದೆ.

ನಿನ್ನ ಕಾಗದ ಓದಿ ಬೀದಿಗಿಳಿದು ನೋಡಿದರೆ ಹೆಂಗಸರೆಲ್ಲ ಬಾವಿಕಟ್ಟೆಯ ಮೇಲೆ. ಒಬ್ಬೊಬ್ಬರಿಗೆ ಬಿಡಿಸಿ ಹೇಳುವುದು ಯಾವಾಗ, ಅವರು ನಂಬುವುದು ಯಾವಾಗ? ಪಂಪ್‌ಮನೆಯಲ್ಲಿ ಒಂದು ಕ್ಯಾನು ಡೀಸೆಲ್ ಇತ್ತು. ತಂದು, ಎಲ್ಲರ ಕಣ್ಣೆದುರಿಗೆ, ಬಾವಿಯೊಳಗೆ ಸುರಿದುಬಿಟ್ಟೆ.

ಎಲ್ಲರೂ ನನ್ನ ಮೇಲೆ ಬಿದ್ದರು. "ಕುಡಿಯೋ ನೀರಿಗೆ! ನಿನ್ನ ಕೈ ಸೇದಿ ಹೋಗ!" ಯಾರೋ ಜುಟ್ಟು ಹಿಡಿದು ಎಳೆದರು. ಯಾಕೆ ಸುರಿದೆ ಎಂದರೆ ಏನು ಹೇಳಲಿ? ನೀರು ಸೇದುವ ಸರದಿಗೆ ದಿನಾ ಜಗಳ ಆಡ್ತೀರಲ್ಲ, ಅನುಭವಿಸಿ ಅಂದೆ. ಹುಚ್ಚಿ ಅಂದರು. ನಿಮ್ಮಣ್ಣ ಓಡಿ ಬಂದು ಹೊಡೆಯಲು ಕೈ ಎತ್ತಿದರು. ನನ್ನ ಮುಖ ನೋಡಿ ಕೈ ಅಲ್ಲೇ ನಿಂತಿತು. ಯಾಕೆ ಸುರಿದೆ ಎಂದು ಅವರಿಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಟೈಲರ್ ಹುಡುಗಿಯ ಮನೆಗೆ ಓಡಿದೆ. ಮಗುವಿನ ತುಟಿ ನೇರಳೆ ಹಣ್ಣು ತಿಂದ ಹಾಗಿದೆ. ಬೆಳಿಗ್ಗೆಯಿಂದಲೇ ಹಾಗಿದೆಯಂತೆ, ಚಳಿಗೆ ಇರಬೇಕು ಎಂದುಕೊಂಡಳಂತೆ. ಹಾಲಿನ ವ್ಯಾನಿನಲ್ಲಿ ನೀನಿರುವ ಪೇಟೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಾರೆ, ನಿಮ್ಮಣ್ಣನೂ ಜೊತೆಗೆ ಹೋಗಿದ್ದಾರೆ. ಹತ್ತುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇವಳ ಡೀಸೆಲ್ಲೇ ಮಗುವಿಗೆ ತಗುಲಿದೆ, ರಾತ್ರಿಯೂ ಕದ್ದು ಸುರಿದಿರಬೇಕು. ನಾನು ಸುಮ್ಮನಿದ್ದೆ.

ಹಾಗೇ ಇರಲಿ ಬಿಡು. ಬಾವಿ ಕೆಡಿಸಿದವಳು ನಾನು, ಮುಗಿಯಿತು. ನಿನ್ನ ವರದಿಯನ್ನು ಒಲೆಗೆ ಹಾಕು. ನಿನ್ನ ಕೆಲಸ ಉಳಿಯುತ್ತದೆ, ನಿಮ್ಮಣ್ಣ ತಲೆಯೆತ್ತಿ ತಿರುಗುತ್ತಾರೆ. ನನಗೇನು, ಹುಚ್ಚಿ ಅನ್ನಿಸಿಕೊಂಡು ಬದುಕಿದವರು ಎಷ್ಟು ಜನ ಇಲ್ಲ.

ಟ್ಯಾಂಕರ್ ಹೊರಡುತ್ತಿದೆ.
ಅತ್ತಿಗೆ


ಜುಲೈ ೨೧

ಅತ್ತಿಗೆ,

ಟ್ಯಾಂಕರ್ ನಿಲ್ಲಿಸಿದ್ದಾರೆ, ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ನಿಮ್ಮ ಕಾಗದ ಓದಿ, ಹೇಳಲು ನಾಚಿಕೆಯಾಗುತ್ತದೆ, ಮೊದಲು ನೆಮ್ಮದಿಯಾಯಿತು. ಕೆಲಸ ಉಳಿಯಿತು ಅನ್ನಿಸಿತು. ವರದಿಯನ್ನು ಮಡಚಿ ಚೀಲದ ಅಡಿಗೆ ತಳ್ಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ, ನಮ್ಮೂರಿನ ಬಸ್ಸು ಬಂತು, ಹತ್ತಲಿಲ್ಲ, ಹೋಯಿತು. ಆಮೇಲೆ ನೀವು ಬರೆದ ಒಂದು ಮಾತು ತಲೆಯಲ್ಲಿ ಕೊರೆಯತೊಡಗಿತು. ಎಲ್ಲರ ಬಾಯಲ್ಲೂ ಡೀಸೆಲ್. ಹಾಗಾದರೆ ಡಾಕ್ಟರಿಗೂ ಡೀಸೆಲ್ ಅಂತಲೇ ಹೇಳಿರುತ್ತಾರೆ!

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ನಾನು ಎಣಿಸಿದ ಹಾಗೆಯೇ ಆಗಿತ್ತು. ಹೊಟ್ಟೆಗೆ, ಶ್ವಾಸಕ್ಕೆ ಡೀಸೆಲ್ ಹೋಗಿದೆ ಎಂದುಕೊಂಡು ಅದಕ್ಕೇ ಔಷಧಿ ಕೊಡುತ್ತಿದ್ದರು. ಆಮ್ಲಜನಕ ಹಿಡಿದಿದ್ದರೂ ಮಗುವಿನ ಬಣ್ಣ ಇನ್ನೂ ಕೆಡುತ್ತಿತ್ತು. ಅಣ್ಣ ಬಾಗಿಲಲ್ಲಿ ನಿಂತು ನರ್ಸಿಗೆ ಡೀಸೆಲ್ ಕಥೆ ಹೇಳುತ್ತಿದ್ದ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದ, ಬೇಡ ಎಂದು. ಅವನನ್ನು ಸರಿಸಿ ಒಳಗೆ ಹೋದೆ. ವರದಿಯನ್ನು ಡಾಕ್ಟರ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ: ಕಂದು ನೀರು, ಅಣ್ಣನ ಅರ್ಜಿ, ನನ್ನ ಸಹಿ. ಡಾಕ್ಟರು ಮಾತಿಗೆ ಕಾಯಲಿಲ್ಲ, ಬೇರೆ ಇಂಜೆಕ್ಷನ್ ತರಿಸಿದರು. ಆ ಔಷಧಿಯ ಬಣ್ಣವೂ ನೀಲಿಯೇ. ಸ್ವಲ್ಪ ಹೊತ್ತಿನಲ್ಲಿ ಮಗುವಿನ ತುಟಿಗೆ ಕೆಂಪು ಬಂತು, ಜೋರಾಗಿ ಅತ್ತಿತು. ಅಣ್ಣ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. ಅವನು ಅಳುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಟೈಲರ್ ಹುಡುಗಿ ಮಂಚದ ಪಕ್ಕದಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡೆ, ಉಗಿದಿದ್ದರೆ ಚೆನ್ನಾಗಿತ್ತು. ಬಾವಿಯ ಬಣ್ಣ ತಿರುಗಿದ್ದು ನಿಮಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ನಾನು ಹೇಳಿಲ್ಲ. ಅದು ನಾನು ಹೇಳುವ ಮಾತಲ್ಲ.

ಮ್ಯಾನೇಜರ್ ನಾಳೆಯಿಂದ ಬರಬೇಡಿ ಎಂದಿದ್ದಾರೆ.

ನಾದಿನಿ


ಆಗಸ್ಟ್ ೩೦

ನಾದಿನಿ,

ನಿನ್ನ ಮೇಲಿನ ಸಿಟ್ಟು ಇಳಿದಿದೆ, ಪೂರ್ತಿ ಅಲ್ಲ. ಕೆಲಸ ಹೋಯಿತೆಂದು ಆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಕೊರಗಬೇಡ, ಇಲ್ಲಿಗೆ ಬಾ. ಬೀದಿಯವರು ಮಾತಾಡಿಸುವುದಿಲ್ಲ, ಅಷ್ಟೇ. ನನಗೆ ಅಭ್ಯಾಸವಾಗಿದೆ, ನಿನಗೂ ಆಗುತ್ತದೆ. ನಿಮ್ಮಣ್ಣ ಹಾಲಿನ ಕೇಂದ್ರದ ಕೆಲಸ ಬಿಟ್ಟಿದ್ದಾರೆ. ಬಾವಿಗೆ ಹಲಗೆ ಹೊಡೆದಿದ್ದಾರೆ, ತಿಳಿಯಾಗಲು ವರ್ಷಗಳೇ ಬೇಕಂತೆ. ಎಲ್ಲರೂ ಶಾಲೆಯ ನಲ್ಲಿಯಿಂದ ಹೊತ್ತು ತರುತ್ತೇವೆ. ಇಷ್ಟಾದರೂ ಒಬ್ಬ ಪುಣ್ಯಾತ್ಮ ಬಂದು, ನಿಮ್ಮ ಟ್ಯಾಂಕರ್ ಮತ್ತೆ ಯಾವಾಗ ಶುರು ಎಂದು ಕೇಳಿದ. ಕಸಬರಿಗೆ ತೋರಿಸಿದೆ.

ಮಗು ಮನೆಗೆ ಬಂದ ಎರಡನೆಯ ದಿನ ಟೈಲರ್ ಹುಡುಗಿ ನಮ್ಮ ಹೊಸಿಲಿಗೆ ಬಂದಳು. ಒಳಗೆ ಬಾ ಅಂದೆ, ಬರಲಿಲ್ಲ.

"ಒಂದೇ ಮಾತು ಕೇಳಕ್ಕೆ ಬಂದೆ ದೊಡ್ಡಮ್ಮ. ನೀರು ಕೆಟ್ಟಿದೆ ಅಂತ ನಿಮಗೆ ಯಾವತ್ತಿಂದ ಗೊತ್ತಿತ್ತು?"

ಡೀಸೆಲ್ ಸುರಿದ ದಿನ ಗೊತ್ತಾಯಿತು ಎಂದುಬಿಡಬಹುದಿತ್ತು. ನೀನು ಬಾಯಿ ಬಿಟ್ಟಿರಲಿಲ್ಲ, ನಿಮ್ಮಣ್ಣ ಬಿಡುವುದಿಲ್ಲ. ಮಾತು ನಾಲಿಗೆ ತುದಿಗೂ ಬಂದಿತ್ತು. ಅವಳ ಹೆಗಲ ಮೇಲೆ ಮಗು ಮಲಗಿತ್ತು.

"ಕುದಿಸಿ ಕೊಡು ಅಂದೆನಲ್ಲ ತಾಯಿ, ಆವತ್ತಿಂದ," ಅಂದೆ.

ಅವಳು ತಿರುಗಿ ಹೊರಟುಹೋದಳು. ನಾನು ಬಾಗಿಲು ಹಿಡಿದು ಅಲ್ಲೇ ಕೂತು, ಮನಸಾರೆ ಅತ್ತೆ. ಮರುದಿನ ಅವಳಿಗೂ ಒಂದು ಕೊಡ ನಲ್ಲಿ ನೀರು ತಂದು ಅವಳ ಬಾಗಿಲಲ್ಲಿಟ್ಟೆ. ಮಗುವನ್ನು ಬಿಟ್ಟು ಅಷ್ಟು ದೂರ ಹೇಗೆ ಹೋಗುತ್ತಾಳೆ? ನನ್ನ ಕಣ್ಣೆದುರೇ ಚೆಲ್ಲಿದಳು. ಮತ್ತೆ ತಂದಿಟ್ಟೆ, ಮತ್ತೆ ಚೆಲ್ಲಿದಳು. ಹೀಗೇ ಬಹಳ ದಿನ ನಡೆಯಿತು. ಬೀದಿಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ಕಳೆದ ವಾರ ಚೆಲ್ಲಲಿಲ್ಲ. ಒಳಗಿನಿಂದ ಒಂದು ಲೋಟ ತಂದಳು, ಬಿಳಿಯದು. ನನ್ನ ಕೊಡದಿಂದಲೇ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟಳು.

"ಮೊದ್ಲು ನೀವು ಕುಡೀರಿ," ಅಂದಳು.

ಕುಡಿದೆ. ಈಗ ದಿನಾ ಅದೇ. ನಾನು ಕೊಡ ಇಳಿಸುತ್ತೇನೆ, ಅವಳು ಲೋಟ ತರುತ್ತಾಳೆ, ನಾನು ಅವಳೆದುರು ನಿಂತು ಪೂರ್ತಿ ಕುಡಿಯುತ್ತೇನೆ. ಕೊನೆಯ ಗುಟುಕು ಇಳಿಯುವವರೆಗೂ ಅವಳು ಕಣ್ಣು ಮಿಟುಕಿಸುವುದಿಲ್ಲ. ಆಮೇಲೆ ಕೊಡವನ್ನು ಒಳಗೆ ತೆಗೆದುಕೊಂಡು ಹೋಗಿ, ಮಗುವಿಗೆ ಹಾಲು ಕಲಸುತ್ತಾಳೆ.

ಅತ್ತಿಗೆ